ಹಿಂದಿನ ಗೋಡೆಗೆ ಒರಗಿ ನಿಂತವನು

ಆ ದಿನ ನಾನು ಎಲ್ಲಿದ್ದೆ ಎಂಬುದು ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಗೊತ್ತಿದೆ ಎಂದುಕೊಂಡೇ ಇಪ್ಪತ್ತು ವರ್ಷ ಕಳೆದೆ ಎಂಬುದು ಬೇರೆ ಮಾತು. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿದವನು ನಾನು. ಪುರಾವೆ ಇಲ್ಲದೆ ಯಾವುದನ್ನೂ ಒಪ್ಪಬಾರದೆಂಬುದನ್ನು ಅಲ್ಲಿ ಎಷ್ಟು ಚೆನ್ನಾಗಿ ಕಲಿತೆನೆಂದರೆ, ಹೆಣ್ಣು ನೋಡಲು ಹೋದಾಗ ಹುಡುಗಿ ತಾನೇ ಮಾಡಿದ್ದೆಂದು ತಂದಿಟ್ಟ ಉಪ್ಪಿಟ್ಟಿನ ಬಗ್ಗೆಯೂ ಎರಡು ಪ್ರಶ್ನೆ ಕೇಳಿದ್ದೆ. ಅವಳೇ ಮುಂದೆ ನನ್ನ ಹೆಂಡತಿಯಾದಳು. ಆ ಎರಡು ಪ್ರಶ್ನೆಗಳನ್ನು ಅವಳು ಇವತ್ತಿಗೂ ಮರೆತಿಲ್ಲ. ಹೀಗೆ ಜ್ಯೋತಿಷಿ, ವೈದ್ಯರು, ವಾರ್ತೆ ಓದುವವರು ಎಲ್ಲರನ್ನೂ ಅನುಮಾನಿಸಿದ ನಾನು, ಪರೀಕ್ಷಿಸದೆ ಒಳಗೆ ಬಿಟ್ಟುಕೊಂಡದ್ದು ನನ್ನ ನೆನಪನ್ನು ಮಾತ್ರ.

ಆ ನೆನಪು ಇದು. ಕುಷಾಯಿಗೂಡದ ಹತ್ತಿರದ ಸರ್ಕಾರಿ ಕಾರ್ಖಾನೆಯಲ್ಲಿ ನಾನಿದ್ದಾಗ, ಬೀದರಿನ ಸುಮಂಗಲಾ ಎಂಬ ಹುಡುಗಿ ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದ್ದಳು. ಒಂದು ಜನವರಿಯಲ್ಲಿ ನಾವು ತಯಾರಿಸಿದ ಯಂತ್ರವನ್ನು ಪರೀಕ್ಷಿಸಲು ದಿಲ್ಲಿಯಿಂದ ಅಧಿಕಾರಿಗಳು ಬಂದರು. ಹಿಂದಿನ ವಾರವಷ್ಟೇ ಅದು ಎರಡು ಸಲ ಕೈಕೊಟ್ಟಿತ್ತು. ಆದರೂ ನಾನು ಪರೀಕ್ಷೆಯ ಪೂರ್ತಿ ಹೊಣೆಯನ್ನು ಸುಮಂಗಲಾಗೆ ಒಪ್ಪಿಸಿ, ಹಿಂದಿನ ಗೋಡೆಗೆ ಒರಗಿ ಕೈಕಟ್ಟಿ ನಿಂತೆ. ನಡುವೆ ಯಂತ್ರ ನಿಂತಿತು. ಅವಳು ತಿರುಗಿ ನನ್ನನ್ನು ನೋಡಿದಳು. ನಾನು ತುಟಿ ಬಿಚ್ಚದೆ ಒಮ್ಮೆ ತಲೆಯಾಡಿಸಿದೆ. ಅವಳೇ ದೋಷ ಹುಡುಕಿ ಸರಿಪಡಿಸಿದಳು, ಯಂತ್ರ ಪಾಸಾಯಿತು. ಈ ಕಥೆಯನ್ನು ನಾನು ಮದುವೆ ಊಟದ ಪಂಕ್ತಿಗಳಲ್ಲಿ, ಬೀಳ್ಕೊಡುಗೆ ಸಮಾರಂಭಗಳಲ್ಲಿ, ಒಮ್ಮೆ ಹಲ್ಲಿನ ಡಾಕ್ಟರರಲ್ಲಿ ಬಾಯಿ ತೆರೆಯುವ ಸರದಿಗೆ ಕಾಯುತ್ತಲೂ ಹೇಳಿದ್ದೇನೆ. ಹೆಂಡತಿಯ ಅಭಿಪ್ರಾಯ ಒಂದೇ: "ನಿಮ್ಮ ಕಥಿ ವರ್ಷಕ್ಕ ಒಂದು ಗೇಣು ಬೆಳೀತೈತಿ."

ಸುಮಂಗಲಾ ಆಮೇಲೆ ಅದೇ ಊರಿನ ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕಂಪನಿಗೆ ಹೋದಳು. ಮೊನ್ನೆ ಮೊನ್ನೆ ಒಂದು ಇಡೀ ವಿಭಾಗಕ್ಕೆ ಮುಖ್ಯಸ್ಥೆಯಾದಳು. ಆದ ತಿಂಗಳಲ್ಲೇ ಒಂದು ಭಾನುವಾರ ನಮ್ಮ ಮನೆಗೆ ಬಂದಳು. ಮುಖದಲ್ಲಿ ಬಡ್ತಿಯ ಕಳೆಯೇ ಇರಲಿಲ್ಲ. ಬರುವ ಗುರುವಾರ ಸಂಜೆ ಐದಕ್ಕೆ ಅಮೆರಿಕದ ಗಿರಾಕಿಗಳಿಗೆ ಅವಳ ವಿಭಾಗ ತನ್ನ ಕೆಲಸ ತೋರಿಸಬೇಕಿತ್ತಂತೆ. ಅದನ್ನು ಕಟ್ಟಿದವಳು ಸ್ವಪ್ನಾ ಎಂಬ ವರಂಗಲ್ಲಿನ ಹುಡುಗಿ. ಅವಳೇ ತೋರಿಸಲಿ ಎಂದು ಇವಳ ಮನಸ್ಸು; ನೀನೇ ಮಾಡು, ಕೆಟ್ಟರೆ ನಿನ್ನ ಕುರ್ಚಿಗೇ ಬರುತ್ತದೆ ಎಂದು ಮೇಲಿನವರ ಮಾತು. ಕೆಲಸ ಬಿಟ್ಟುಕೊಡುವುದು ತನಗೆ ಬರುವುದೇ ಇಲ್ಲ, ಎಲ್ಲ ಮೀಟಿಂಗಿನಲ್ಲೂ ತಾನೇ ಬಾಯಿ ಹಾಕುತ್ತೇನೆ ಎಂದಳು. ಆಮೇಲೆ ರೊಟ್ಟಿ ಮುರಿಯುತ್ತ, ತಲೆ ಎತ್ತದೆ, "ಅವತ್ತು ನೀವು ನನ್ನ ಮ್ಯಾಲೆ ಹೆಂಗ ಬಿಟ್ರಿ ಸರ್?" ಎಂದು ಕೇಳಿದಳು.

ಕೇಳಬೇಕೆ? ಗೋಡೆ, ಕಟ್ಟಿದ ಕೈ, ತಲೆಯಾಡಿಸಿದ್ದು, ಎಲ್ಲವನ್ನೂ ಎದ್ದು ನಿಂತು ಮಾಡಿ ತೋರಿಸಿದೆ. "ನೀನೂ ಹಂಗ ಮಾಡು. ಹಿಂದಿನ ಗ್ವಾಡಿಗೆ ನಿಂದ್ರು, ಬಾಯಿ ಬಿಡಬ್ಯಾಡ" ಎಂದೆ. ಸುಮಂಗಲಾ ನನ್ನ ಹೆಂಡತಿಯತ್ತ ನೋಡಿದಳು. ನನ್ನ ಹೆಂಡತಿ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅದನ್ನು ನಾನು ಮೆಚ್ಚುಗೆಯ ಮೌನ ಎಂದು ಬಗೆದೆ.

ಗುರುವಾರ ಸಂಜೆ ಐದೂವರೆಗೆ ಅವಳ ಫೋನ್ ಬಂತು. ಹಿಂದೆ ಒಂದೇ ಗದ್ದಲ. ಯಾರೋ ಹಿಂದಿಯಲ್ಲಿ ಕಂಬಳಿಯ ದರ ಕೂಗುತ್ತಿದ್ದರು. ಎಲ್ಲಿದ್ದೀ ಎಂದು ಕೇಳಿದೆ.

"ನಾಂಪಲ್ಲಿ ನುಮಾಯಿಷ್‌ನ್ಯಾಗ ಅದೀನ್ರಿ. ರಜಾ ಹಾಕೀನಿ. ಅಲ್ಲಿ ಸ್ವಪ್ನಾ ಶುರು ಮಾಡಿರ್ತಾಳ. ಇಲ್ಲಿ ನಾ ಬ್ಯಾಡಾದ ಕಂಬಳಿಗೆ ಚೌಕಾಸಿ ಮಾಡಾಕತ್ತೀನಿ."

ಪ್ರತಿ ಜನವರಿ ನಮ್ಮೂರಲ್ಲಿ ನಡೆಯುವ ಆ ವಸ್ತುಪ್ರದರ್ಶನದಲ್ಲಿ ಇವತ್ತು ನಿನಗೇನು ಕೆಲಸ, ಗೋಡೆಗೆ ನಿಲ್ಲು ಎಂದಿದ್ದೆನಲ್ಲ ಎಂದೆ.

"ಗ್ವಾಡಿಗೆ ನಿಂತರ ನಾ ಸುಮ್ಮನಿರಾಕಿ ಅಲ್ರಿ. ಅದಕ್ಕ ನೀವು ಹೇಳಿದಂಗ ಮಾಡಲಿಲ್ಲ, ನೀವು ಮಾಡಿದಂಗ ಮಾಡೀನಿ. ಅವತ್ತು ಹಿಂದಿನ ಗ್ವಾಡಿಗೆ ಯಾರೂ ಇರಲಿಲ್ರಿ ಸರ್. ನಾ ಎರಡು ಸಲ ತಿರುಗಿ ನೋಡಿದ್ದೆ. ಹೊಟ್ಟೆನೋವು ಅಂತ ಬೆಳಿಗ್ಗೆ ಫೋನ್ ಮಾಡಿದ್ರಿ. ಖರೇನ ಹೊಟ್ಟೆನೋವಿತ್ತೋ, ನಾನೇ ಮಾಡಲಿ ಅಂತ ಬೇಕಂತ ಬರಲಿಲ್ಲೋ, ಅದನ್ನ ಕೇಳಾಕ ಭಾನುವಾರ ಬಂದಿದ್ದೆ. ನೀವು ಗ್ವಾಡಿ ಕಥಿ ಹೇಳಿದ್ರಿ."

ನಾನು ಏನೋ ಹೇಳಿದೆ. ಏನು ಹೇಳಿದೆ ಎಂಬುದನ್ನು ನೆನಪಿನ ಮೇಲೆ ಭಾರ ಹಾಕಿ ಬರೆಯುವ ಧೈರ್ಯ ಈಗ ಇಲ್ಲ. ಫೋನ್ ಇಟ್ಟಾಗ ಹೆಂಡತಿ ಪಕ್ಕದಲ್ಲೇ ಕೂತು, ಎಲ್ಲವನ್ನೂ ಕೇಳಿಸಿಕೊಂಡು ಬಟಾಣಿ ಸುಲಿಯುತ್ತಿದ್ದಳು. "ಅವತ್ತು ನೀವು ನಮ್ಮ ಜೋಡಿ ನುಮಾಯಿಷ್‌ಗೆ ಬಂದಿದ್ರಿ" ಎಂದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಪುರಾವೆ ಕೇಳುತ್ತೀರಲ್ಲ ಎಂದು ಸುಮ್ಮನಿದ್ದಳಂತೆ.

ಸ್ವಪ್ನಾಳ ಕೆಲಸವೂ ನಡುವೆ ಒಮ್ಮೆ ನಿಂತಿತಂತೆ. ಹಿಂದೆ ತಿರುಗಿ ನೋಡಲು ಯಾರೂ ಇಲ್ಲದ್ದರಿಂದ ಅವಳೇ ಸರಿಮಾಡಿ ಮುಗಿಸಿದಳು, ಗಿರಾಕಿಗಳು ಒಪ್ಪಿದರು. ಮರುದಿನ ಸುಮಂಗಲಾ ಇದನ್ನು ತಿಳಿಸಿ, ಜೊತೆಗೆ ತಾನು ಜೋಪಾನವಾಗಿಟ್ಟ ಆ ಹಳೆಯ ಪರೀಕ್ಷಾ ವರದಿಯ ಚಿತ್ರವನ್ನೂ ಕಳಿಸಿದಳು. ಅವಳ ಸಹಿ ಇತ್ತು, ದಿಲ್ಲಿಯವರ ಸಹಿ ಇತ್ತು. ನನ್ನ ಸಹಿಯ ಜಾಗ ಖಾಲಿ.

ಬೀರುವಿನ ಮೇಲಿನ ಟ್ರಂಕ್ ಇಳಿಸಿದೆ. ನುಮಾಯಿಷ್‌ನ ಫೋಟೊ ಅಂಗಡಿಯಲ್ಲಿ, ರಟ್ಟಿನ ಚಂದ್ರನ ಮೇಲೆ ಹೆಂಡತಿ ಮಕ್ಕಳೊಂದಿಗೆ ಕೂತು ತೆಗೆಸಿದ ಚಿತ್ರ ಸಿಕ್ಕಿತು. ಚಿತ್ರದ ಹಿಂಬದಿಗೆ ಅಂಗಡಿಯವನ ಮೊಹರು, ಅದರಲ್ಲಿ ವರದಿಯಲ್ಲಿದ್ದ ತಾರೀಖೇ. ಅಂದು ನಾನು ಅವಳನ್ನು ನಂಬಿ ಬಿಟ್ಟೆನೋ, ಯಂತ್ರಕ್ಕೆ ಹೆದರಿ ಓಡಿದೆನೋ, ಅದನ್ನು ಯಾವ ಮೊಹರೂ ಹೇಳುವುದಿಲ್ಲ. ನೆನಪನ್ನು ಕೇಳಿದರೆ ಅದು ಆಗಲೇ "ನಂಬಿ ಬಿಟ್ಟೆ" ಎನ್ನತೊಡಗಿದೆ; ಅದಕ್ಕೇ ಕೇಳುವುದನ್ನು ಬಿಟ್ಟಿದ್ದೇನೆ. ಭೂತಗನ್ನಡಿ ಹಿಡಿದು ನೋಡಿ ಖಚಿತಪಡಿಸಿಕೊಂಡದ್ದು ಒಂದೇ ಸಂಗತಿ: ಚಿತ್ರದಲ್ಲಿ ನನ್ನ ಬಲಗೈಯಲ್ಲಿರುವುದು ಅರ್ಧ ಮಿರ್ಚಿ ಬಜ್ಜಿ, ಉಳಿದರ್ಧ ನನ್ನ ಕೆನ್ನೆಯೊಳಗಿದೆ. ಹೊಟ್ಟೆನೋವು ಇರಲಿಲ್ಲ.