ನೂಕಿದರಷ್ಟೇ ಹೊರಡುವ ಗಾಡಿಗಳು

ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು ಇದ್ದ ಕಾಲ. ಸುತ್ತಲಿನ ಊರುಗಳಲ್ಲಿ ಕಾರುಗಳೇ ಕಡಿಮೆ. ಇದ್ದವೂ ಹತ್ತಾರು ಕೈ ದಾಟಿ ಬಂದ ಹಳೆಯವು. ಬೆಳಗಾದರೆ ಯಾವುದೋ ಒಂದು ಚಾಲೂ ಆಗುತ್ತಿರಲಿಲ್ಲ. ಖಬರ ಬರುತ್ತಿತ್ತು, ನಾನು ಪಾನಾ, ಇಕ್ಕಳಗಳ ಚೀಲ ಹಿಡಿದು ಬಸ್ಸು ಹತ್ತುತ್ತಿದ್ದೆ. ಹೋದಲ್ಲೆಲ್ಲ ಕೆಟ್ಟಿದ್ದು ಎಂಜಿನ್ನೇ ಆಗಿರುತ್ತಿತ್ತು ಎಂದೇನಲ್ಲ.

ನಂಬಿಗಸ್ತ ಮುಳ್ಳು

ಶಿರಹಟ್ಟಿಯ ಗೌಡರೊಬ್ಬರ ಕಾರು. ಪ್ಲಗ್ ಬಿಚ್ಚಿ ಒರೆಸಿದೆ, ಬ್ಯಾಟರಿಯ ತಂತಿ ಬಿಗಿ ಮಾಡಿದೆ. ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ.

"ಗೌಡ್ರ, ಪೆಟ್ರೋಲ್ ಐತೇನ್ರಿ?"

"ಮುಳ್ಳು ನೋಡೋ ಮಿಸ್ತ್ರಿ, ಅರ್ಧ ಟಾಕಿ ತೋರಸ್ತೈತಿ."

ಟಾಕಿಯೊಳಗೆ ಕಡ್ಡಿ ಇಳಿಸಿದೆ. ಒಣಗಿದ್ದು ಒಣಗಿದಂತೆಯೇ ಮೇಲೆ ಬಂತು. ಗೌಡರಿಗೆ ನಂಬಿಕೆಯೇ ಬರಲಿಲ್ಲ.

"ಹೆಂಗಾದೀತಲೇ? ಗಾಡಿ ತಗೊಂಡಾಗಿಂದ ಆ ಮುಳ್ಳು ಅರ್ಧ ಬಿಟ್ಟು ಅಲ್ಲಾಡಿಲ್ಲ!"

ಬಾನೆಟ್ಟಿನೊಳಗೆ

ಲಕ್ಷ್ಮೇಶ್ವರದ ಮೆಣಸಿನಕಾಯಿ ವ್ಯಾಪಾರಿ ಸಾಹೇಬರ ಕಾರು ಬಹಳ ದಿನ ನಿಂತೇ ಇತ್ತು. ಬಾನೆಟ್ ಎತ್ತಿದೆ. ಬ್ಯಾಟರಿಯ ಪಕ್ಕ ಹುಲ್ಲು ಹಾಸಿಕೊಂಡು ಕುಳಿತಿದ್ದ ಕೋಳಿ ನನ್ನನ್ನೇ ದಿಟ್ಟಿಸಿತು. ಕಳಚಿದ್ದ ತಂತಿ ಅದರ ಕೆಳಗಿತ್ತು. ಕೈ ಹಾಕಿದೆ, ಕುಕ್ಕಿತು. ಅಷ್ಟರಲ್ಲಿ ಸಾಹೇಬರ ತಾಯಿ ಓಡಿ ಬಂದರು.

"ಮುಟ್ಟಬ್ಯಾಡಪಾ! ಇದಕ್ಕಂತ ಓಣಿ ಎಲ್ಲಾ ಹುಡುಕೀನಿ. ಮರಿ ಆಗೂತನಾ ಗಾಡಿ ಹಂತೇಕ ಯಾರೂ ಬರಬ್ಯಾಡ್ರಿ."

"ಅಮ್ಮಾ, ನಾ ಗದಗಿಗೆ ಹೋಗಬೇಕು," ಎಂದರು ಸಾಹೇಬರು.

"ಬಸ್ ಅದಾವಲ್ಲ."

ಬಾನೆಟ್ ಮೆಲ್ಲಗೆ ಮುಚ್ಚಿದೆ. ಇಬ್ಬರೂ ಒಂದೇ ಬಸ್ಸು ಹತ್ತಿದೆವು. ಪರಿಚಯದವರೊಬ್ಬರು ಕೇಳಿದರು: "ಏನ್ರಿ ಸಾಹೇಬ್ರ, ಬಸ್ಸಿಗೆ ಹೊಂಟೀರಿ? ಗಾಡಿ ಎಲ್ಲೈತ್ರಿ?"

ಸಾಹೇಬರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ಕಾವಿಗೆ ಕುಂತೈತ್ರಿ."

ಮುಂಡರಗಿಯ ಮದುವೆ

ಗದಗಿನ ವರ, ಮುಂಡರಗಿಯ ವಧು. ವರನ ಕಾಕಾನ ಕಾರು ಬಹಳ ಹಳೆಯದು. ದಾರಿಯಲ್ಲಿ ಕೈಕೊಟ್ಟೀತೆಂದು ಸ್ಟೇರಿಂಗಿಗೆ ನನ್ನನ್ನೇ ಕೂಡಿಸಿದ್ದರು. ಅರ್ಧ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಮತ್ತೆ ಚಾಲೂ ಆಗಲಿಲ್ಲ. ಸ್ಟಾರ್ಟರ್ ಸತ್ತಿತ್ತು. ಅಕ್ಷತೆಯ ಹೊತ್ತು ಸಮೀಪಿಸುತ್ತಿತ್ತು.

"ನೂಕಬೇಕ್ರಿ," ಎಂದೆ.

ವರನ ಅಪ್ಪ, ಕಾಕಾ ಇಳಿದು ನೂಕಿದರು. ಏರು ದಾರಿ, ಸಾಲಲಿಲ್ಲ. ಕೊನೆಗೆ ಮದುಮಗನೇ ರುಮಾಲು ಬಿಗಿ ಮಾಡಿಕೊಂಡು ಇಳಿದು ಹೆಗಲು ಕೊಟ್ಟ. ಒಳಗೆ ಉಳಿದವಳು ಅವನ ಅಜ್ಜಿ ಒಬ್ಬಳೇ. ಎಂಜಿನ್ ಹತ್ತಿಕೊಂಡಿತು! ಏರು ದಾಟಿಸಿ ನಿಲ್ಲಿಸೋಣವೆಂದು ಜೋರು ಮಾಡಿದೆ. ಆಚೆ ಇಳಿಜಾರು, ಬ್ರೇಕು ಅಷ್ಟಕ್ಕಷ್ಟೇ. "ನಿಲ್ಲಸೋ!" ಎಂಬ ಕೂಗು ಹಿಂದೆ ಸಣ್ಣದಾಗುತ್ತ ಹೋಯಿತು.

"ಅಜ್ಜಿ, ಏನ್ ಮಾಡೂಣ್ರಿ?"

"ನಡಿಯಪಾ, ನಾವಾದ್ರೂ ಮುಟ್ಟೂಣು."

ಚಪ್ಪರದ ಮುಂದೆ ವಾದ್ಯ ಶುರುವಾಯಿತು. ಆರತಿ ಹಿಡಿದ ಹೆಂಗಸರು ಕಾರಿನೊಳಗೆ ಬಗ್ಗಿ ನೋಡಿ ಹಿಂದೆ ಸರಿದರು. ವಧುವಿನ ಅಪ್ಪ ಗಾಬರಿಯಾಗಿ, "ಅಳಿಯಂದ್ರು ಎಲ್ಲೆದಾರ್ರಿ?" ಎಂದು ಕೇಳಿದರು. ಅಜ್ಜಿ ಕುಳಿತಲ್ಲಿಂದಲೇ, "ಗಾಡಿ ನೂಕಾಕ ಇಳದಾನ, ಬರ್ತಾನ," ಎಂದಳು.

ಬಂದ, ಹೊಟ್ಟು ತುಂಬಿದ ಟ್ರ್ಯಾಕ್ಟರಿನ ಮೇಲೆ. ಮೈ ಜಾಡಿಸಿ ಮಣೆಯ ಮೇಲೆ ನಿಲ್ಲಿಸಿದರು. ಅಕ್ಷತೆ ಬಿತ್ತು, ಊಟವಾಯಿತು. ಸ್ಟಾರ್ಟರಿಗೆ ಬೇಕಾದ ಸಾಮಾನು ಅಲ್ಲಿ ಸಿಗಲಿಲ್ಲ.

ಮರಳಿ ಹೊರಡುವಾಗ ಮದುಮಗಳನ್ನು ಹಿಂದೆ ಕೂಡಿಸಿದರು. ಕೀಲಿ ತಿರುಗಿಸಿದೆ. ಗಾಡಿ ಗಪ್‌ಚಿಪ್. ಎಲ್ಲರೂ ಮದುಮಗನ ಕಡೆ ನೋಡಿದರು. ಅವನು ಇಳಿದು ಹಿಂದಕ್ಕೆ ಹೋದ.

ಅಲ್ಲಿಯವರೆಗೆ ತಲೆಯನ್ನೇ ಎತ್ತದ ಮದುಮಗಳು ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ ಹೇಳಿದಳು:

"ಅಣ್ಣಾರ, ಈ ಸಲ ಅವರನ್ನ ಹತ್ತಿಸ್ಕೊಂಡ ಹೋಗ್ರಿ."