ಆಂಜನೇಯನ ಗುಡಿಯ ಕಾದಂಬರಿ ಬೀರು

ಬೆಳಿಗ್ಗೆ ಎದ್ದು ಆಂಜನೇಯಸ್ವಾಮಿಗೆ ತುಪ್ಪದ ದೀಪ ಹಚ್ಚಿ, ಮಧ್ಯಾಹ್ನ ಊಟ ಆದಮೇಲೆ ಪ್ರೇಮದ ಕಾದಂಬರಿ ಹಿಡಿದು ಕೂರುವ ಹೆಂಗಸಿನ ಸುತ್ತ ಏನಾದರೊಂದು ನಡೀತಾನೇ ಇರುತ್ತೆ. ತಪ್ಪಿಸೋದು ನನ್ನ ಕೈಲಿಲ್ಲ. ಸ್ವಾಮಿಗೂ ತಪ್ಪಿಸೋ ಮನಸ್ಸಿದ್ದ ಹಾಗಿಲ್ಲ.

ನಮ್ಮೂರು ಹೂಡಿ. ನಾವು ರಾಗಿ ಬೆಳೀತಿದ್ದ ಕಡೆ ಈಗ ಗಾಜಿನ ಕಟ್ಟಡ ಎದ್ದಿದೆ, ಗುಡಿ ಮಾತ್ರ ಇದ್ದಲ್ಲೇ ಇದೆ. ಗುಡಿಯ ಹಿಂದಿನ ಭಜನೆ ಹಾಲ್‌ನಲ್ಲಿ ಒಂದು ಕಬ್ಬಿಣದ ಬೀರು. ಮೇಲಿನ ಅರೆಯಲ್ಲಿ ಸ್ತೋತ್ರದ ಪುಸ್ತಕ, ಕೆಳಗಿನ ಮೂರು ಅರೆಯಲ್ಲಿ ನಾನು ತಂದಿಟ್ಟ ಕಾದಂಬರಿಗಳು. ಯಾರು ಬೇಕಾದರೂ ಒಯ್ದು ಓದಿ ತಂದಿಡಬಹುದು. ಎಲ್ಲಾ ಒಂದೇ ಜಾತಿಯವು: ಒಬ್ಬ ಹುಡುಗಿ, ಒಬ್ಬ ಹುಡುಗ, ಒಂದು ಗುಟ್ಟು. ಈ ಬೀರು ಆಚೆ ಹೋಗಬೇಕು ಅಂತ ಗುಡಿಯ ಸಮಿತಿ ಅಧ್ಯಕ್ಷರು, ಹೋಗಕೂಡದು ಅಂತ ನಾನು. ಆ ಜಗಳಕ್ಕೆ ದಾರಿ ಮಾಡಿದ ಪ್ರಸಂಗಗಳು ಇವು.

ಒಂದು: ಬಚ್ಚಿಡದ ರಟ್ಟು

"ಅಕ್ಕಾ, ಆ ಪುಸ್ತಕಕ್ಕೆ ನ್ಯೂಸ್ ಪೇಪರ್ ಬೈಂಡಾದ್ರೂ ಹಾಕ್ರೀ, ನೋಡಿದೋರು ಏನಂದ್ಕೋತಾರೆ" ಅಂತ ಭಜನೆಗೆ ಬರೋ ಒಬ್ಬರು ನನಗೆ ಬುದ್ಧಿ ಹೇಳಿದರು. ಸ್ವಾಮಿಗೆ ಕಾಣೋ ಹಾಗೆ ಓದೋದನ್ನ ಜನಕ್ಕೆ ಯಾಕೆ ಬಚ್ಚಿಡಲಿ? ನಾನು ಹಾಕಲಿಲ್ಲ.

ಒಂದು ಶನಿವಾರ ಪ್ರಸಾದದ ಸಾಲಲ್ಲಿ ಕೂತು ಓದ್ತಿದ್ದೆ. ಪಕ್ಕದಲ್ಲಿ ಕಂಪನಿಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಹುಡುಗ. ನನ್ನ ಕುಂಕುಮ, ಜಪಮಾಲೆ ಎಲ್ಲಾ ನೋಡಿ ಭಕ್ತಿಯಿಂದ ಕೇಳಿದ:

"ಆಂಟಿ, ಯಾವ ಸ್ತೋತ್ರ ಓದ್ತಿದೀರ?"

"ಸ್ತೋತ್ರ ಅಲ್ಲಪ್ಪ, ಕೊಲೆ" ಅಂದೆ. "ಆದ್ರೆ ಅದಕ್ಕೆ ಮುಂಚೆ ಇವರಿಬ್ಬರಿಗೂ ಮದುವೆ ಆಗ್ಬೇಕು. ನಾನು ನೋಡ್ಕೋತೀನಿ, ನೀನು ಪ್ರಸಾದ ತಗೋ."

ಹುಡುಗ ದೊನ್ನೆ ಹಿಡ್ಕೊಂಡು ಎದುರು ಸಾಲಿಗೆ ಹೋಗಿ ಕೂತ. ತಿಂದು ಮುಗಿಸೋವರೆಗೂ ನನ್ನ ಮೇಲಿಂದ ಕಣ್ಣು ತೆಗೀಲಿಲ್ಲ.

ಎರಡು: ಅವೇಳೆಯ ಮಂಗಳಾರತಿ

ನಮ್ಮ ಭಜನೆಯಲ್ಲಿ ಎಲ್ಲರಿಗಿಂತ ಹಿರಿಯರು ಅಧ್ಯಕ್ಷರ ತಾಯಿ. ಎಂಬತ್ತು ದಾಟಿದ ಅಜ್ಜಿ, ಅಕ್ಷರ ಬಾರದು. ಒಂದು ಶನಿವಾರ ಭಜನೆ ಮುಗಿದ ಮೇಲೆ ನನ್ನ ಕೈಯಲ್ಲಿದ್ದ ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಂಡು, "ಇದ್ರಾಗೇನೈತೆ ಓದೇಳವ್ವ" ಅಂದರು. ಒಂದು ಅಧ್ಯಾಯ ಗಟ್ಟಿಯಾಗಿ ಓದಿದೆ. ಮುಂದಿನ ಶನಿವಾರದಿಂದ ಅದು ಪದ್ಧತಿಯೇ ಆಗಿಹೋಯಿತು: ಮೊದಲು ಭಜನೆ, ಆಮೇಲೆ ಒಂದು ಅಧ್ಯಾಯ, ಕೊನೆಗೆ ಮಂಗಳಾರತಿ.

ಕತೆ ಸಮುದ್ರದ ದಂಡೆಯ ಒಂದು ಬಂಗಲೆಯದು. ಹೆತ್ತವರನ್ನು ಕಾಣದ ಹುಡುಗಿ ಅಲ್ಲಿಗೆ ಕೆಲಸಕ್ಕೆ ಬರ್ತಾಳೆ. ಅಲ್ಲೊಬ್ಬ ಡಾಕ್ಟರ್ ಸುಹಾಸ, ಒಬ್ಬಳು ಅಡುಗೆಯೋಳು. ಬೀಗ ಹಾಕಿದ ಮಹಡಿ ಕೋಣೆಯಲ್ಲಿ ಯಾರೋ ದಿನಾ ದೀಪ ಹಚ್ಚಿಟ್ಟು ಹೋಗ್ತಾರೆ. ಯಾರು? ಅದೇ ಗುಟ್ಟು.

ಆರನೇ ಅಧ್ಯಾಯದಲ್ಲಿ ಸುಹಾಸ ಕಡೆಗೂ ಹುಡುಗಿಯ ಕೈ ಹಿಡಿದ. ಓದೋದು ಒಂದು ಗಳಿಗೆ ನಿಲ್ಲಿಸಿದೆ. ಅಜ್ಜಿಗೆ ತಡೆಯಲಾಗಲಿಲ್ಲ, ಎರಡೂ ಕೈ ಮೇಲೆತ್ತಿ "ಗೋವಿಂದಾ!" ಅಂದುಬಿಟ್ಟರು. ಅಭ್ಯಾಸಬಲ ನೋಡಿ, ಇಪ್ಪತ್ತು ಹೆಂಗಸರೂ ಒಂದೇ ಉಸಿರಿಗೆ "ಗೋವಿಂದ!" ಅಂದರು.

ಒಳಗಿದ್ದ ಅರ್ಚಕರು ಕಾರ್ಯಕ್ರಮ ಮುಗೀತು ಅಂದುಕೊಂಡು ಗಂಟೆ ಬಾರಿಸಿ ಆರತಿ ಎತ್ತಿಯೇ ಬಿಟ್ಟರು. ಎಲ್ಲರೂ ಎದ್ದು ಕಣ್ಣಿಗೊತ್ತಿಕೊಂಡೆವು. ಕೈ ಹಿಡಿದಿದ್ದಕ್ಕೇ ಮಂಗಳಾರತಿ ಆಗಿಹೋಯಿತು, ಇನ್ನು ಮದುವೆಗೇನು ಮಾಡೋಣ ಅಂತ ಹಾಲ್ ತುಂಬಾ ಚಿಂತೆ.

ಮೂರು: ಸುಹಾಸನ ಗೋತ್ರ

ಎಂಟನೇ ಅಧ್ಯಾಯದಲ್ಲಿ ಸುಹಾಸನಿಗೆ ವಿಷಮಶೀತ ಜ್ವರ ಬಂತು. ಭಾನುವಾರ ಬೆಳಿಗ್ಗೆ ನೋಡಿದರೆ ಅಜ್ಜಿ ಹಣ್ಣುಕಾಯಿ ತಟ್ಟೆ ಹಿಡಿದು ಸ್ವಾಮಿ ಎದುರಿಗೆ ನಿಂತಿದ್ದಾರೆ.

"ಯಾರ ಹೆಸರಲ್ಲಿ ಅರ್ಚನೆ, ಅಜ್ಜಿ?" ಅರ್ಚಕರು ಕೇಳಿದರು.

"ಸುಹಾಸ ಅಂತ. ಡಾಕ್ಟ್ರು."

"ನಕ್ಷತ್ರ? ಗೋತ್ರ?"

"ಇನ್ನೂ ಬಂದಿಲ್ಲ ಸ್ವಾಮಿ. ನಲವತ್ತು ಪುಟ ಬಾಕಿ ಐತೆ."

ಅರ್ಚಕರು ನನ್ನ ಮುಖ ನೋಡಿದರು. ನಾನು ಕಂಬದ ಮರೆಗೆ ಸರಿದೆ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಅನ್ನೋದು ಪದ್ಧತಿ. ಪುಣ್ಯಾತ್ಮರು ಹಾಗೇ ಸಂಕಲ್ಪ ಮಾಡಿ ಕಾಯಿ ಒಡೆದರು.

ಇದು ಅಧ್ಯಕ್ಷರ ಕಿವಿಗೆ ಬಿತ್ತು. ನಮ್ಮ ಕಡೆ ಜಮೀನಿಗೆ ಬೆಲೆ ಬಂದ ಮೇಲೆ, ಗುರುತಿಲ್ಲದ ಹೆಸರು ಮನೇಲಿ ಕೇಳಿದರೆ ಜನಕ್ಕೆ ಬೇರೇನೇ ಭಯ. ಓಡಿಬಂದು ತಾಯಿಯನ್ನು ಗುಡಿಯ ಜಗಲಿಯಲ್ಲೇ ನಿಲ್ಲಿಸಿಕೊಂಡರು.

"ಯಾರಮ್ಮ ಆ ಸುಹಾಸ? ಅಪ್ಪನ ಕಡೆಯೋನಾ? ಭಾಗಕ್ಕೆ ಬರ್ತಾನಾ?"

ಅಜ್ಜಿ ಕಣ್ಣೊರೆಸಿಕೊಂಡು ಅಂದರು: "ಭಾಗಕ್ಕೆಲ್ಲಿಂದ ಬರ್ತಾನಪ್ಪ, ಬದುಕ್ಕೊಂಡ್ರೆ ಸಾಕು."

ನಾಲ್ಕು: ಸಾಕ್ಷಿ

ನಿಜ ಗೊತ್ತಾದ ಮೇಲೆ ಅಧ್ಯಕ್ಷರು ನೆಟ್ಟಗೆ ನನ್ನ ಹತ್ತಿರ ಬಂದರು.

"ಏನಕ್ಕಾ ಇದು? ದೇವಸ್ಥಾನದಲ್ಲಿ ಲವ್ ಸ್ಟೋರಿನಾ? ಅದೂ ನಿಮ್ಮಂಥ ದೈವಭಕ್ತರು!"

ನಾನು ಮೆತ್ತಗೇ ಹೇಳಿದೆ: "ಅಧ್ಯಕ್ಷರೇ, ಒಳಗಿರೋ ಸ್ವಾಮಿ ಸಮುದ್ರ ಹಾರಿದ್ದು ಯಾತಕ್ಕೆ? ಗಂಡ ಕೊಟ್ಟ ಉಂಗುರ ಹೆಂಡತಿಗೆ ತಲುಪಿಸೋಕೆ ತಾನೆ? ಕಾಣೆಯಾದೋರನ್ನ ಪತ್ತೆ ಹಚ್ಚಿ, ಅಗಲಿದ ಗಂಡಹೆಂಡಿರನ್ನ ಸೇರಿಸಿದ ದೇವರು ನಮ್ಮ ಕಾದಂಬರಿಗೆ ಬೇಜಾರು ಮಾಡ್ಕೋತಾನಾ?"

"ಅದು ಬೇರೆ, ಇದು ಬೇರೆ."

"ಇರಲಿ. ಈ ಪುಸ್ತಕದಲ್ಲಿ ಕಳೆದದ್ದು ಸಿಗುತ್ತೆ, ಒಳ್ಳೆಯೋರು ಒಂದಾಗ್ತಾರೆ, ಕೆಟ್ಟೋನು ಸಿಕ್ಕಿಬೀಳ್ತಾನೆ. ನಾನು ದಿನಾ ಸ್ವಾಮಿ ಹತ್ರ ಬೇಡ್ಕೊಳ್ಳೋದೂ ಅದನ್ನೇ. ಸ್ವಾಮಿ ನಿಧಾನಕ್ಕೆ ಮಾಡ್ತಾನೆ, ಕಾದಂಬರಿಯೋರು ಇನ್ನೂರು ಪುಟದಲ್ಲಿ ಮುಗಿಸಿಕೊಡ್ತಾರೆ. ಬೀರು ಮಾತ್ರ ಆಚೆ ಹೋಗಲ್ಲ. ಹೋದರೆ ಅದರ ಜೊತೆ ನಾನೂ ಹೋಗ್ತೀನಿ, ಶನಿವಾರದ ಭಜನೆ ನೀವೇ ಹಾಡ್ಕೊಳ್ಳಿ."

ಅಧ್ಯಕ್ಷರ ಕಂಠ ಊರಿಗೇ ಗೊತ್ತಿರೋದು. ಸ್ವಲ್ಪ ಹಿಂಜರಿದರು. ಆದರೂ ಬಿಡಲಿಲ್ಲ. "ಮುಂದಿನ ಭಾನುವಾರ ಸಭೆಯಲ್ಲಿ ತೀರ್ಮಾನ ಆಗ್ಲಿ. ಸಾಕ್ಷಿಗೆ ಈ ಪುಸ್ತಕ ನನ್ನ ಹತ್ರ ಇರುತ್ತೆ. ನಾನೇನು ಓದಲ್ಲ, ಮುಟ್ಟೋದೂ ಪಾಪ" ಅಂತ ಎರಡು ಬೆರಳಲ್ಲಿ ಎತ್ತಿಕೊಂಡು ಹೋದರು.

ಓದಬೇಕಾದ್ದು ಕೊನೇ ಎರಡು ಅಧ್ಯಾಯ ಇತ್ತು. ಆ ಶನಿವಾರ ಇಪ್ಪತ್ತು ಹೆಂಗಸರು ಭಜನೆ ಮುಗಿಸಿ, ಓದೋಕೇನೂ ಇಲ್ಲದೆ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತೆವು. ಅರ್ಚಕರೂ ಯಾಕೋ ಎರಡು ಸಲ ಬಂದು ಇಣುಕಿ ಹೋದರು.

ಐದು: ಸಭೆ

ಭಾನುವಾರ ಹಾಲ್ ತುಂಬಿತ್ತು. ಒಂದು ಕಡೆ ಸಮಿತಿಯವರು, ಒಂದು ಕಡೆ ನಾವು, ಮಧ್ಯೆ ಬೀರು. ನಾನು ಮನಸ್ಸಲ್ಲೇ "ಸ್ವಾಮಿ, ಇವತ್ತು ನನ್ನ ಕೈ ಬಿಡಬೇಡ" ಅಂತ ಜಪ ಮಾಡ್ತಿದ್ದೆ. ಅಧ್ಯಕ್ಷರು ಪುಸ್ತಕ ಮೇಲೆತ್ತಿ ತೋರಿಸಿದರು.

"ನೋಡಿ, ಇಂಥ ಕೀಳು ಪುಸ್ತಕಗಳು ಪವಿತ್ರ ಜಾಗದಲ್ಲಿ ಇರಬಾರದು. ಇವತ್ತೇ ಬೀರು ಆಚೆ ಹೋಗಬೇಕು. ಯಾರದ್ದಾದ್ರೂ ಅಭ್ಯಂತರ?"

ಅಜ್ಜಿ ಗೋಡೆ ಹಿಡಿದು ಎದ್ದು ನಿಂತರು. "ನಂದೇನೂ ಇಲ್ಲ ಮಗಾ. ಆಕ್ಸು ಆಚೆ. ಆ ಮ್ಯಾಲಿನ ಕ್ವಾಣೇಲಿ ದೀಪ ಅಚ್ತಿದ್ದೋರು ಯಾರು ಅಂತ ಓದ್ಸಿಬಿಟ್ಟು ಆಮ್ಯಾಕೆ ಆಕ್ಸು. ವಾರದಿಂದ ನಂಗೆ ಅನ್ನ ಇಳೀತಿಲ್ಲ."

"ಅದನ್ನ ಓದಿಸೋದೇನಿದೆಯಮ್ಮ!" ಅಧ್ಯಕ್ಷರು ರೇಗಿದರು. "ಅಡುಗೆಯೋಳೇ ಹಚ್ತಿದ್ದಿದ್ದು. ಅವಳೇ ಆ ಹುಡುಗಿ ಹೆತ್ತ ತಾಯಿ. ಮಗಳು ತೊಟ್ಟಿಲಲ್ಲಿ ಮಲಗಿದ್ದ ಕೋಣೆ ಅಂತ ಇಪ್ಪತ್ತು ವರ್ಷದಿಂದ ದೀಪ ಹಚ್ತಾ... ಪಾಪ, ಆ ಜಾಗ ಓದುವಾಗ ನನಗೇ..."

ಅಲ್ಲಿಗೆ ಮಾತು ನಿಂತಿತು. ಮರುಕ್ಷಣ ಇಪ್ಪತ್ತು ಹೆಂಗಸರು ಒಟ್ಟಿಗೆ ಎದ್ದರು. ಬೀರಿನ ಮಾತು ಯಾರೂ ಎತ್ತಲಿಲ್ಲ.

"ಅಯ್ಯೋ, ಕೊನೇನೇ ಹೇಳ್ಬಿಟ್ರಲ್ಲ!"

"ಒಂಬತ್ತು ಶನಿವಾರ ಕಾದಿದ್ವಿ ಕಣ್ರೀ!"

ಅಜ್ಜಿ ಊರುಗೋಲು ಎತ್ತಿದರು. "ನಿನ್ನ ಒಂಬತ್ತು ತಿಂಗ್ಳು ಒತ್ತಿದ್ದು ಇದಕ್ಕೇನೋ!"

ಅಧ್ಯಕ್ಷರು ಅರ್ಚಕರ ಹಿಂದೆ ಹೋಗಿ ನಿಂತರು. "ಸ್ವಾಮಿ, ನೀವಾದ್ರೂ ಹೇಳಿ ಇವರಿಗೆ."

ಅರ್ಚಕರ ಮುಖ ಕೆಂಪಾಗಿತ್ತು. "ದೇವರು ಕ್ಷಮಿಸ್ತಾನೆ ಅಧ್ಯಕ್ಷರೇ, ನಾನು ಕ್ಷಮಿಸಲ್ಲ. ಬಾಗಿಲ ಹಿಂದೆ ನಿಂತು ಒಂದು ಅಧ್ಯಾಯ ಬಿಡದೆ ಕೇಳಿದೀನಿ. ನನಗೆ ಆ ಡಾಕ್ಟರ್ ಮೇಲೇ ಅನುಮಾನ ಇತ್ತು!"

ಬೀರು ಅಲ್ಲೇ ಇರಲಿ ಅಂತ ಸಭೆ ಒಮ್ಮತದಿಂದ ತೀರ್ಮಾನಿಸಿತು. ಅಧ್ಯಕ್ಷರ ಕೈಯೇ ಎಲ್ಲರಿಗಿಂತ ಮೊದಲು ಮೇಲೆದ್ದಿದ್ದು. ತಪ್ಪಿಗೆ ಪ್ರಾಯಶ್ಚಿತ್ತ ಅಂತ ಮಾರನೇ ದಿನ ಪೇಂಟರ್‌ನ ಕರೆಸಿ, ತಾವೇ ಪಕ್ಕದಲ್ಲಿ ನಿಂತು ಗುಡಿಯ ಬಾಗಿಲಲ್ಲಿ ಬೋರ್ಡು ಬರೆಸಿದರು. ಈಗಲೂ ಇದೆ, ಬಂದವರು ನೋಡಬಹುದು:

"ಚಪ್ಪಲಿ ಹೊರಗೆ ಬಿಡಿ. ಮೊಬೈಲ್ ಬಂದ್ ಮಾಡಿ. ಕಾದಂಬರಿಯ ಕೊನೆ ಹೇಳಬೇಡಿ."