ಕೆಪಾಸಿಟರ್ ಇಲ್ಲದ ಡಬ್ಬಿ

ಸಂಶಯ ಪಡುವುದೂ ಒಂದು ದುಡಿಮೆ. ಅದಕ್ಕೆ ರಜೆಯಿಲ್ಲ, ಮೆಚ್ಚುಗೆಯಂತೂ ಮೊದಲೇ ಇಲ್ಲ. ಗ್ಯಾಸ್ ಬಂದ್ ಮಾಡಿದ್ದೇನೆಂದು ಹೆಂಡತಿ ಸುವರ್ಣಾ ಹೇಳಿದ ಮೇಲೂ ಅಡುಗೆಮನೆಗೆ ಹೋಗಿ ಮೂಸಿ ಬರುವವನು ನಾನು. ಹಣ್ಣಿನವನು ತಾನಾಗಿಯೇ ಒಂದು ಸೀತಾಫಲ ಹೆಚ್ಚಿಗೆ ಹಾಕಿದರೆ, ಉಳಿದವು ಕೊಳೆತಿರಬೇಕೆಂದು ಅಲ್ಲೇ ನಿಂತು ಒತ್ತಿ ನೋಡುತ್ತೇನೆ. ಇಂಥವನ ಮನೆಗೆ ಸುವರ್ಣಾಳ ತಮ್ಮ ಸಿದ್ದು ಒಂದು ಭಾನುವಾರ ಅಂಗೈಯಗಲದ ಡಬ್ಬಿಯೊಂದನ್ನು ತಂದ.

ಅದು ಹೆಡ್‌ಫೋನಿನ ಆಂಪ್ಲಿಫೈಯರ್. ನಾನು ದಿನವೂ ಸೊಲ್ಲಾಪುರದಿಂದ ಅಕ್ಕಲಕೋಟೆಯ ಕಚೇರಿಗೆ ಎಸ್‌ಟಿ ಬಸ್ಸಿನಲ್ಲಿ ಹೋಗಿಬರುವವನು. ಕಿಟಕಿಗಳ ಗಡಗಡದಲ್ಲಿ ಮೊಬೈಲಿನ ಹಾಡು ಕೇಳಿಸುವುದೇ ಇಲ್ಲವೆಂದು ಗೊಣಗಿದ್ದೆ. ಸಿದ್ದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವನು. ದಾಜಿಗೆಂದು, ಅಂದರೆ ಅಕ್ಕನ ಗಂಡನಾದ ನನಗೆಂದು, ತಾನೇ ಕೂತು ಮಾಡಿದ್ದ.

"ದಾಜಿ, ಇದರಾಗ ಹೆಡ್‌ಫೋನಿಗೆ ಹೋಗೋ ದಾರ್ಯಾಗ ಕೆಪಾಸಿಟರ್ ಇಲ್ರಿ. ಡೈರೆಕ್ಟ್ ಕಪ್ಲಿಂಗ್. ತಬಲಾದ ಡಗ್ಗಾದ ದಪ್ಪ ದನಿ ಏಕದಂ ಬರೋಬರ್ ಕೇಳಸ್ತದ."

"ಕೆಪಾಸಿಟರ್ ಇದ್ರ ಏನ್ ಮಾಡ್ತದಪಾ?"

"ಬ್ಯಾಟರಿ ಕರೆಂಟ್ ಒಂದೇ ಸಮ ಇರ್ತದಲ್ರಿ, ಅದನ್ನ ತಡೀತದ. ಹಾಡು ಏರಿಳೀತದ, ಅದನ್ನ ಬಿಡ್ತದ. ಆದ್ರ ಸಣ್ಣದು ಹಾಕಿದ್ರ ಡಗ್ಗಾನೂ ಒಂದಿಷ್ಟು ತಿಂತದ್ರಿ."

ಕಾವಲುಗಾರನನ್ನೇ ತೆಗೆದುಹಾಕಿ ಅದನ್ನು ಸುಧಾರಣೆ ಎನ್ನುತ್ತಾನಲ್ಲ! ಬ್ಯಾಟರಿಯ ಕರೆಂಟು ನೇರವಾಗಿ ನುಗ್ಗಿದರೆ ಹೆಡ್‌ಫೋನಿನ ಕೂದಲೆಳೆಯಂಥ ತಂತಿ ಸುಟ್ಟುಹೋಗುತ್ತದೆಂದು ಎಲ್ಲೋ ಓದಿದ್ದೆ. ಆ ಹೆಡ್‌ಫೋನ್ ನನ್ನ ಹುಟ್ಟುಹಬ್ಬಕ್ಕೆ ಸುವರ್ಣಾ ಆರಿಸಿ ತಂದದ್ದು. ಸುಟ್ಟರೆ ತಪ್ಪು ತಮ್ಮನದಾಗುವುದಿಲ್ಲ, ನನ್ನದೇ ಆಗುತ್ತದೆ. ಹಾಗೆಂದು ಹೆಂಡತಿಯ ತವರಿನಿಂದ ಬಂದದ್ದನ್ನು ಎದುರಿಗೇ ಪರೀಕ್ಷಿಸುವ ಧೈರ್ಯ ನಮ್ಮ ಕಡೆಯ ಯಾವ ಗಂಡಸಿಗೂ ಇಲ್ಲ.

ಸಿದ್ದು ಅಡುಗೆಮನೆಯಲ್ಲಿ ಕಡಕ್ ಭಾಕ್ರಿ, ಶೇಂಗಾ ಚಟ್ನಿಯ ಮುಂದೆ ಕೂತ ಮೇಲೆ, ಅವನ ಚೀಲದಿಂದಲೇ ವೋಲ್ಟ್ ಅಳೆಯುವ ಮೀಟರ್ ತೆಗೆದೆ. ಡಬ್ಬಿ ಬಿಚ್ಚಿ, ಸ್ವಿಚ್ ಹಾಕಿ, ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಕೆಂಪು ಕಡ್ಡಿಯನ್ನು ಹಾಡು ಹೊರಬರುವ ತಂತಿಗೂ ಹಿಡಿದೆ. ನಾಲ್ಕೂವರೆ ವೋಲ್ಟ್! ನನಗಾದ ಸಂತೋಷವನ್ನು ಏನೆಂದು ಹೇಳಲಿ. ಇಷ್ಟು ವರ್ಷಗಳ ಸಂಶಯಕ್ಕೆ ಕಡೆಗೂ ಒಂದು ಸಾಕ್ಷಿ ಸಿಕ್ಕಿತ್ತು.

"ಸುವರ್ಣಾ, ಬಾ ಇಲ್ಲಿ! ನಿನ್ನ ತಮ್ಮ ನನ್ನ ಕಿವಿ ಸುಡಾಕ ಹೊಂಟಾನ!"

ಅಕ್ಕ ತಮ್ಮ ಇಬ್ಬರೂ ಓಡಿಬಂದರು. ಸಿದ್ದುವಿನದು ಇನ್ನೂ ಎಂಜಲುಗೈ. "ದಾಜಿ, ಕಪ್ಪು ಕಡ್ಡಿ ಬ್ಯಾಟರಿಗೆ ಯಾಕ ಹಚ್ಚೀರಿ? ಹೆಡ್‌ಫೋನ್ ಅಲ್ಲಿಗೆ ಕೂಡೂದಿಲ್ರಿ. ಅದರ ಎರಡೂ ತುದಿಗೆ ಅಷ್ಟಷ್ಟೇ ವೋಲ್ಟ್ ಇರ್ತದ, ನಡುವ ಏನೂ ಹರಿಯಂಗಿಲ್ಲ" ಎಂದು ಎಡಗೈಯಿಂದ ಕಪ್ಪು ಕಡ್ಡಿಯನ್ನು ಹೆಡ್‌ಫೋನಿನ ಇನ್ನೊಂದು ತಂತಿಗೆ ಸರಿಸಿದ. ಮೀಟರ್ ಸೊನ್ನೆಯ ಹತ್ತಿರ ಬಂದು ನಿಂತಿತು.

ನಾಚಿಕೆಯಾಯಿತು, ನಿಜ. ಆದರೆ ನಾಚಿಕೆ ನನಗಾಯಿತೇ ಹೊರತು ಸಂಶಯಕ್ಕೆ ಆಗಲಿಲ್ಲ.

"ನಾಳೆ ಇದು ಕೆಟ್ರ?"

"ಕೆಟ್ರ ಹೆಡ್‌ಫೋನ್ ಸುಡಬಹುದ್ರಿ," ಎಂದ ಪ್ರಾಮಾಣಿಕ.

"ಹಾಂ! ಹಂಗಾದ್ರ ಹಾಕು ಕೆಪಾಸಿಟರ್!"

ಸಿದ್ದು ನಿಟ್ಟುಸಿರು ಬಿಟ್ಟು ಚೀಲಕ್ಕೆ ಕೈಹಾಕಿದ. ಸುವರ್ಣಾ ಅವನ ಕೈ ಹಿಡಿದಳು.

"ಬ್ಯಾಡ ಬಿಡೋ ಸಿದ್ದು. ಇವರ ಕಿವಿಯಾಗ ಅದು ಹುಟ್ಟಿದಾಗಿಂದನ ಐತಿ. ನಾ ದಿನಾ ಒಂದೇ ಸಮ ಹೇಳೂದು ಒಂದೂ ಒಳಗ ಹೋಗಂಗಿಲ್ಲ. ದನಿ ಏರಿಸಿದ್ರಷ್ಟ ಕೇಳಸ್ತದ."

ಡಬ್ಬಿ ಹಾಗೆಯೇ ಉಳಿಯಿತು. ಮರುದಿನ ಬಸ್ಸಿನಲ್ಲಿ ಡಗ್ಗಾ ಎಷ್ಟು ಚೆನ್ನಾಗಿ ಕೇಳಿಸಿತೆಂದು ನೀವು ಕೇಳಬಹುದು. ನಾನು ಕೇಳಲೇ ಇಲ್ಲ. ಅಕ್ಕಲಕೋಟೆ ಬರುವವರೆಗೂ ಒಂದೇ ಯೋಚನೆ: ಅಂಥ ಮಾತು ಅವಳಿಗೆ ತಾನಾಗಿಯೇ ಹೊಳೆಯಿತೋ, ಅಡುಗೆಮನೆಯಲ್ಲಿ ತಮ್ಮ ಹೇಳಿಕೊಟ್ಟಿದ್ದನೋ?